ನಾಲ್ಕು ಪಾಲಾದ ಪುಸ್ತಕ

ಛತ್ರಿ ಕಾರ್ಖಾನೆಯ ಯಜಮಾನನಿಗೆ ಓದಿನ ಹುಚ್ಚು. ಓದಿದ್ದು ಅರಗುವುದಿಲ್ಲ, ಹಾಗಾಗಿ ಕೆಲಸದವರ ಮೇಲೆ ಕಾರುತ್ತಾನೆ. ಈ ಸಲ ರಾಜಕೀಯ, ದುಡಿಮೆ, ಸಮಾಜ ಅಂತ ಇಟ್ಟಿಗೆಯಂಥ ಪುಸ್ತಕವೊಂದನ್ನು ತಂದ. ಎಲ್ಲರೂ ಓದಬೇಕು, ಇರುವುದು ಒಂದೇ ಪ್ರತಿ. ಬಟ್ಟೆ ಕತ್ತರಿಸುವ ಚಾಕುವಿನಿಂದ ಅದನ್ನು ನಾಲ್ಕು ಪಾಲು ಮಾಡಿ ಹಂಚಿಬಿಟ್ಟ. ಮೊದಲನೆಯದು ಕಡ್ಡಿ ಬಿಗಿಯುವ ಮಾವನಿಗೆ, ಎರಡನೆಯದು ಬಟ್ಟೆ ಹೊಲಿಯುವ ಚಿಕ್ಕಮ್ಮನಿಗೆ, ಮೂರನೆಯದು ಹಿಡಿಕೆ ಕೂರಿಸುವ ಅಕ್ಕನಿಗೆ, ಕೊನೆಯದು ತನಗೆ. ಇನ್ನು ಮೇಲೆ ಏನೇ ಆಗಬೇಕಾದರೂ ನಾಲ್ವರೂ ಒಪ್ಪಿಯೇ ಆಗಬೇಕು ಎಂದೂ ಸಾರಿದ.

ಮರುದಿನ ಅಕ್ಕನಿಗೆ ಆಸ್ಪತ್ರೆಯಿಂದ ಫೋನ್ ಬಂತು. ಮಗಳಿಗೆ ಹೆರಿಗೆಯಾಗಿದೆ, ಹೆಣ್ಣು ಮಗು. ಕೈಯಲ್ಲಿದ್ದ ಹಿಡಿಕೆ ಕೆಳಗಿಟ್ಟು ಎದ್ದಳು.

"ಯಜಮಾನ್ರೇ, ಅರ್ಧ ದಿನ ರಜಾ ಕೊಡಿ."

"ಕೊಡೋಕೆ ನಾನ್ಯಾರಮ್ಮ? ನನ್ನ ಪಾಲಿನ ಪುಟಗಳಲ್ಲಿ ಯಜಮಾನರೆಲ್ಲ ಆಗ್ಲೇ ಹೋಗ್ಬಿಟ್ಟಿದ್ದಾರೆ."

"ರಜಾ ಕೇಳೋದೇ ಗುಲಾಮಗಿರಿ," ಎಂದ ಮಾವ. "ಕೇಳ್ಬೇಡ, ಕಿತ್ಕೋ."

"ಸರಿ, ಕಿತ್ಕೊಂಡೆ. ಬರ್ತೀನಿ."

"ಏಯ್, ಒಬ್ಳೇ ಕಿತ್ಕೊಳ್ಳೋ ಹಾಗಿಲ್ಲ!" ಎಂದ ಮಾವ. "ಎಲ್ಲರೂ ಒಟ್ಟಿಗೇ ಕಿತ್ಕೋಬೇಕು."

ಚಿಕ್ಕಮ್ಮ ಕನ್ನಡಕ ಮೇಲೇರಿಸಿದಳು. "ಅಲ್ಲಿ ಹೋಗಿ ಬಟ್ಟೆ ಒಗೀತೀಯ, ಮಗು ಎತ್ಕೋತೀಯ. ಅದೂ ದುಡಿಮೆನೇ ಅಂತ ಇದ್ರಲ್ಲಿದೆ ಕಣೇ. ಅದನ್ನ ರಜಾ ಅಂದ್ರೆ ಹೆಂಗೆ ಒಪ್ಲಿ?"

ಒಂದು ಸಾಲಾದರೂ ತನ್ನ ಪರವಾಗಿ ಸಿಕ್ಕೀತೆಂದು ಅಕ್ಕ ತನ್ನ ಪಾಲು ತೆರೆದಳು. ಅದು ಅರ್ಧ ವಾಕ್ಯದಿಂದಲೇ ಶುರುವಾಗಿತ್ತು: '...ಎಂಬುದನ್ನು ಮೇಲೆಯೇ ಹೇಳಿದ್ದೇವೆ.' ಅವಳ ಪಿತ್ತ ನೆತ್ತಿಗೇರಿತು.

"ನನ್ನ ಮೊಮ್ಮಗಳು ಯಾವ ಪುಟದಲ್ಲಿದ್ದಾಳೆ ಅಂತ ಹುಡುಕ್ತಾ ಕೂತಿರಿ. ನಾನು ಹೊರಟೆ."

"ಸಭೆ ಮುಗಿದಿಲ್ಲ!" ಎಂದು ಮೂವರೂ ತಮ್ಮ ತಮ್ಮ ಪಾಲು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಓಡಿದರು. ಬಸ್ಸಿನಲ್ಲೂ ಸಭೆ ನಡೆಯಿತು. ಕಂಡಕ್ಟರ್ ಟಿಕೆಟ್ ಕೇಳಿದರೆ ಮಾವ ಅವನ ಅಭಿಪ್ರಾಯ ಕೇಳಿದ. ರಜಾ ಕೊಡಲೇಬಾರದು ಎಂದ ಅವನು, ತನಗೇ ಸಿಕ್ಕಿಲ್ಲವಂತೆ. ಹಿಂದಿನ ಸೀಟಿನವರು ಅವನ ಮೇಲೆ ಜಗಳಕ್ಕೆ ಬಿದ್ದರು. ಆಸ್ಪತ್ರೆ ಸ್ಟಾಪಿನಲ್ಲಿ ಅರ್ಧ ಬಸ್ಸೇ ಸಭೆಯ ಜೊತೆ ಇಳಿಯಿತು.

ಹೆರಿಗೆ ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಕೈ ಅಡ್ಡ ಹಿಡಿದಳು. "ಇದೇನು ಜಾತ್ರೆನಾ? ಒಳಗೆ ಒಬ್ರಿಗೇ ಬಿಡೋದು."

"ಆ ಒಬ್ರು ಯಾರು ಅಂತ ಮೊದಲು ತೀರ್ಮಾನ ಆಗ್ಲಿ," ಎಂದು ಯಜಮಾನ ಬೆಂಚಿನ ಮೇಲೆ ಕೂತ. ಮಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಅಕ್ಕ ನರ್ಸಮ್ಮನ ಕೈಕೆಳಗೆ ತೂರಿ ಒಳಗೆ ಹೋದಳು.

"ಹೊರಗೇನಮ್ಮ ಗಲಾಟೆ?" ಎಂದಳು ಮಗಳು.

"ನನ್ನ ಇಲ್ಲಿಗೆ ಕಳಿಸ್ಬೇಕೋ ಬೇಡ್ವೋ ಅಂತ ಮಾತಾಡ್ತಿದ್ದಾರೆ. ಕೊಡಿಲ್ಲಿ ಮಗೂನ."