ಸ್ಟುಡಿಯೋದ ಕರಿ ಕೋಟು

ನಾನು ಒಂದು ಕರಿ ಕೋಟು. ಗದಗಿನ ಪಿಸೆ ಟೇಲರ್ ನನ್ನನ್ನು ಹೊಲಿದದ್ದು ಒಬ್ಬ ದಪ್ಪ ಮದುಮಗನ ಅಳತೆಗೆ. ಆತ ನನ್ನನ್ನು ತೊಟ್ಟದ್ದು ಒಂದೇ ಸಂಜೆ. ಆಮೇಲೆ ಅವನ ಹೊಟ್ಟೆ ಇನ್ನಷ್ಟು ಮುಂದೆ ಹೋಯಿತು, ನಾನು ಟ್ರಂಕಿನಲ್ಲೇ ಉಳಿದೆ. ನುಸಿಗುಳಿಗೆಯ ವಾಸನೆಯಲ್ಲಿ ಮಲಗಿದ್ದ ನನ್ನನ್ನು ಅವನ ಹೆಂಡತಿ ಒಂದು ದಿನ ಮೌಲಾಸಾಬರ ಫೋಟೊ ಸ್ಟುಡಿಯೋಕ್ಕೆ ಕೊಟ್ಟುಬಿಟ್ಟಳು.

ಅಲ್ಲಿ ಕನ್ನಡಿಯ ಪಕ್ಕದ ಮೊಳೆ ನನ್ನ ಮನೆಯಾಯಿತು. ನೌಕರಿಗೆ ಅರ್ಜಿ ಹಾಕುವವರು, ಹೆಣ್ಣು ಹುಡುಕುವವರು, ಕೆಳಗೆ ಲುಂಗಿಯಲ್ಲೇ ಬಂದವರು, ಎಲ್ಲರೂ ಫೋಟೊಕ್ಕಾಗಿ ನನ್ನನ್ನು ತೊಟ್ಟರು. ಸಡಿಲಾದರೆ ಮೌಲಾಸಾಬರು ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಕ್ಯಾಮೆರಾಕ್ಕೆ ಬೆನ್ನು ಕಾಣುವುದಿಲ್ಲ. ಆದರೆ ಎಡಗಡೆಯ ಜೇಬಿನ ಹಿಂದೆ ಬಡಿಯುವ ಎದೆ ನನಗೆ ಕೇಳುತ್ತದೆ. ಮುಖಗಳಿಗಿಂತ ಎದೆಗಳನ್ನೇ ನಾನು ಹೆಚ್ಚು ಬಲ್ಲೆ.

ಫಕ್ಕೀರಪ್ಪನ ಎದೆ ಓಡುತ್ತಿತ್ತು. ಅದೇ ಓಣಿಯಲ್ಲಿ ಮಿರ್ಚಿ ಭಜಿ, ಗಿರಮಿಟ್ಟಿನ ಅಂಗಡಿ ಅವನದು. ಅಪ್ಪ ಅವ್ವ ಬೇಗ ಹೋದ ಮೇಲೆ ತಂಗಿ ನೀಲವ್ವನನ್ನು ಅವನೇ ಬೆಳೆಸಿ, ನರ್ಸಿಂಗ್ ಓದಿಸಿದ್ದ. ಅದರಲ್ಲಿ ತಾನು ಮದುವೆಯಾಗುವುದು ಉಳಿದೇಹೋಗಿತ್ತು. ಪರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದ ನೀಲವ್ವ ಈಗ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ರಕ್ತದ ಕಾಯಿಲೆ. ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದರು. "ಅಣ್ಣಾ, ಒಮ್ಮೆ ಬಂದ ಹೋಗು," ಎಂದು ಫೋನಿನಲ್ಲಿ ಕೇಳಿದ್ದಳು.

ವೀಸಾದ ಫೋಟೊ ತೆಗೆಸಲು ಅವನು ಬಂದಾಗ ರೊಟ್ಟಿ ಮಾಡಿ ಮಾರುವ ಚನಬಸವ್ವ ಜೊತೆಗೇ ಬಂದಳು.

"ಏಜೆಂಟ್ ಏನಂದ?" ಮೌಲಾಸಾಬರು ಕೇಳಿದರು.

"ಅಕೌಂಟಿನ್ಯಾಗ ರೊಕ್ಕ ಇರಬೇಕಂತ್ರಿ. ತಿರುಗಿ ಊರಿಗೆ ಬರಾಕ ಗಟ್ಟಿ ಕಾರಣಾನೂ ತೋರಸಬೇಕಂತ."

"ರೊಕ್ಕದ ಚಿಂತಿ ಬಿಡು," ಎಂದಳು ಚನಬಸವ್ವ. "ಓಣ್ಯಾಗ ಯಾರ ಮನಿ ಮದುವಿ ಆದ್ರೂ ನೀ ಮುಯ್ಯಿ ಮಾಡೀದಿ. ನಾವು ತೀರಸೋಣಂದ್ರ ನಿನ್ನ ಮನ್ಯಾಗ ಒಂದ ಕಾರ್ಯಾನೂ ಆಗಲಿಲ್ಲ. ಈಗರ ತಗೋ."

"ಹೆಂಡ್ತಿ ಇಲ್ದ ಮುಯ್ಯಿ ಹೊಡದಾವ ಈ ಊರಾಗ ನೀ ಒಬ್ಬನ ನೋಡಪಾ!" ಮೌಲಾಸಾಬರು ನಕ್ಕರು. ಫಕ್ಕೀರಪ್ಪನೂ ನಕ್ಕ. ಅವನ ನಗು ನನ್ನ ಗುಂಡಿಗಳಿಗೆ ತಾಗಿತು.

ಆ ವಾರ ಓಣಿಯವರೆಲ್ಲ ಬ್ಯಾಂಕಿಗೆ ಹೋಗಿ ಅವನ ಖಾತೆಗೆ ತಮ್ಮ ತಮ್ಮ ಮುಯ್ಯಿ ಕಟ್ಟಿ ಬಂದರು. ಕೆಲವರು ಕೊಡಬೇಕಾದ್ದಕ್ಕಿಂತ ಹೆಚ್ಚೇ ಕಟ್ಟಿದರು.

ಸಂದರ್ಶನಕ್ಕೆ ಅವನು ನನ್ನನ್ನೇ ತೊಟ್ಟು ಹೋದ. "ಕ್ಲಿಪ್ ಹಾಕ್ಕೊಂಡ ಹೋಗಬ್ಯಾಡೋ, ಬಟ್ಟಿ ಒಣಗಸಾಕ ಬಂದಾನ ಅಂತಾರ," ಎಂದು ಮೌಲಾಸಾಬರು ರೈಲು ನಿಲ್ದಾಣದವರೆಗೂ ಬಂದು ಕಳಿಸಿದರು. ನನ್ನ ತೋಳು ಅವನ ಬೆರಳುಗಳನ್ನು ಮುಚ್ಚುತ್ತಿತ್ತು.

ಗಾಜಿನಾಚೆ ಅಧಿಕಾರಿ ಕೂತಿದ್ದ. ಅವನ ಮಾತನ್ನು ಕನ್ನಡಕ್ಕೆ ತಿರುಗಿಸಲು ಪಕ್ಕದಲ್ಲೊಬ್ಬಳು ಹುಡುಗಿ.

"ಹೆಂಡತಿ, ಮಕ್ಕಳು ಇದ್ದಾರಾ?"

"ಇಲ್ರೀ."

"ಸ್ವಂತ ಮನೆ? ಜಮೀನು?"

"ಬಾಡಿಗಿ ಮನಿ ರೀ."

"ಹೋದ ವಾರ ನಿಮ್ಮ ಖಾತೆಗೆ ಒಮ್ಮೆಲೇ ಇಷ್ಟು ಹಣ ಬಂದಿದೆ. ಯಾರದು?"

"ನಂದ ರೀ. ಮುಯ್ಯಿದು."

"ಯಾರ ಮದುವೆ ಇತ್ತು?"

"ಯಾರದೂ ಇಲ್ರೀ."

ಹುಡುಗಿ ಗಾಜಿನ ಹತ್ತಿರಕ್ಕೆ ಬಾಗಿದಳು. "ಅಂದ್ರೆ ಸಾಲಾನಾ?"

"ಸಾಲ ಅಲ್ರೀ."

"ಮತ್ತೆ ವಾಪಸ್ ಕೊಡಬೇಕಾ?"

"ಹೂನ್ರೀ. ಅವರ ಮನ್ಯಾಗ ಕಾರ್ಯ ಆದಾಗ ಕೊಡಬೇಕ. ಅದಕ್ಕರ ನಾ ತಿರುಗಿ ಬರಬೇಕಲ್ರೀ, ಅಕ್ಕಾರ. ಓಣಿ ಮಂದೀದೆಲ್ಲಾ ನನ್ನ ಮ್ಯಾಲೆ ಐತಿ."

ಅವಳು ಅದನ್ನು ಹೇಗೆ ತಿರುಗಿಸಿ ಹೇಳಿದಳೋ ಗೊತ್ತಿಲ್ಲ. ಫಕ್ಕೀರಪ್ಪ ಅಷ್ಟು ಹೇಳಿದ್ದ. ಅವಳದು ಬಹಳ ಚಿಕ್ಕದಾಗಿ ಮುಗಿಯಿತು. ಗಾಜಿನ ಕೆಳಗಿನಿಂದ ವೀಸಾ ಇಲ್ಲವೆಂಬ ಒಂದು ಚೀಟಿ ಬಂತು. ಹಣದ ಮೂಲ ಸ್ಪಷ್ಟವಿಲ್ಲ, ಊರಿಗೆ ಮರಳಲು ತಕ್ಕ ನಂಟು ಕಾಣುವುದಿಲ್ಲ, ಹೀಗೆ. ಅವನು ಅದನ್ನು ನನ್ನ ಒಳಜೇಬಿಗೆ ಹಾಕಿದ. ಊರು ತಲುಪುವವರೆಗೂ ಅವನ ಎದೆ ನಿಧಾನವಾಗಿಯೇ ಬಡಿಯಿತು. ಅಷ್ಟು ನಿಧಾನದ ಎದೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅವನು ಓಣಿಯವರ ಹಣ ಮರಳಿಸಲು ಹೊರಟ. ಯಾರೂ ಮುಟ್ಟಲಿಲ್ಲ. "ಮಾಡಿದ ಮುಯ್ಯಿ ತಿರುಗಿ ಇಸಗೋತಾರೇನೋ? ನಮ್ಮ ಮನ್ಯಾಗ ಕಾರ್ಯ ಆಗಲಿ, ಆವಾಗ ಕೊಡು," ಎಂದಳು ಚನಬಸವ್ವ. "ಇನ್ನೊಮ್ಮಿ ಅರ್ಜಿ ಹಾಕು."

ಎರಡನೆಯ ಅರ್ಜಿಗೆ ದಿನ ಸಿಗುವ ಮೊದಲೇ ನೀಲವ್ವ ಹೋದಳು.

ಅಂತ್ಯಕ್ರಿಯೆಯನ್ನು ಅವಳ ಗೆಳತಿಯರು ಕಂಪ್ಯೂಟರಿನಲ್ಲಿ ತೋರಿಸುತ್ತೇವೆಂದರು. ಮಧ್ಯಾಹ್ನ ಫಕ್ಕೀರಪ್ಪ ಸ್ಟುಡಿಯೋಕ್ಕೆ ಬಂದ. "ಸಾಬ್ರ, ಅಲ್ಲಿ ಮಂದಿ ಇದಕ್ಕೆಲ್ಲಾ ಕರಿ ಕೋಟ ಹಾಕ್ಕೋತಾರಂತ," ಎಂದ. ಮೌಲಾಸಾಬರು ನನ್ನನ್ನು ಮೊಳೆಯಿಂದ ಇಳಿಸಿ ಅವನಿಗೆ ತಾವೇ ತೊಡಿಸಿದರು. ಕಂಪ್ಯೂಟರಿನ ಪರದೆಯಲ್ಲಿ ಕರಿ ಬಟ್ಟೆಯ ಜನ, ನಡುವೆ ಒಂದು ಪೆಟ್ಟಿಗೆ. ಫೋಟೊ ತೆಗೆಸುವ ಸ್ಟೂಲಿನ ಮೇಲೆ ಅವನು ಬೆನ್ನು ನೆಟ್ಟಗೆ ಮಾಡಿ ಕೂತ.

"ನೀಲಾ, ಬಂದೀನವ್ವಾ," ಎಂದ.

ಇಲ್ಲಿಯ ಧ್ವನಿ ಅಲ್ಲಿಗೆ ಕೇಳುವಂತಿರಲಿಲ್ಲ. ಯಾರೂ ತಿರುಗಿ ನೋಡಲಿಲ್ಲ.

ಈಗ ನನಗೆ ಕೆಲಸವಿಲ್ಲ. ಫೋಟೊದಲ್ಲಿ ಯಾರಿಗೆ ಬೇಕಾದರೂ ಕಂಪ್ಯೂಟರೇ ಕೋಟು ತೊಡಿಸುತ್ತದೆ. ಸ್ಟುಡಿಯೋದ ಮೂಲೆಯಲ್ಲಿ, ಕೆಟ್ಟ ಫ್ಯಾನಿನ ಮೇಲೆ ಬಿದ್ದಿದ್ದೇನೆ. ಅಲ್ಲಿಂದ ಓಣಿ ಕಾಣುತ್ತದೆ. ಯಾರದಾದರೂ ಮನೆಯ ಮುಂದೆ ಹಂದರ ಎದ್ದ ದಿನ ಫಕ್ಕೀರಪ್ಪ ಅಂಗಡಿ ಬೇಗ ಮುಚ್ಚಿ, ಮುಖ ತೊಳೆದು, ಮುಯ್ಯಿಯ ಲಕೋಟೆ ಹಿಡಿದು ಹೋಗುತ್ತಾನೆ. ಅವನನ್ನು ಈ ಊರಿಗೆ ಕಟ್ಟಿದ್ದು ಏನೆಂದು ಆ ಗಾಜಿನಾಚೆಯವರಿಗೆ ಕಾಣಲಿಲ್ಲ. ನನಗೆ ಇಲ್ಲಿಂದ ದಿನವೂ ಕಾಣುತ್ತದೆ. ಇನ್ನೂ ಸುಮಾರು ಮನೆಗಳು ಬಾಕಿ ಇವೆ.