ಗ್ರಂಥಋಣದಲ್ಲಿ ಒಂದು ‘ದಿ.’

“ಲಕ್ಷ್ಮೀನರಸಿಂಹ ಅವ್ರ ಮನೆಯವ್ರು ಯಾರಾದ್ರೂ ಇದಾರಾ?”

“ನಾನೇ ಕಣಮ್ಮ ಲಕ್ಷ್ಮೀನರಸಿಂಹ. ಏನಾಗ್ಬೇಕಿತ್ತು?”

ಯಾದವಗಿರಿಯ ಆ ಮನೆ ಬಾಗಿಲಲ್ಲಿ ಧರಣಿ ಒಂದು ಹೆಜ್ಜೆ ಹಿಂದೆ ಸರಿದಳು. ಅಯ್ಯೋ ಶಿವನೇ, ಬದುಕಿದ್ದಾರೆ! ಪಂಚೆ ಉಟ್ಟು, ಮಫ್ಲರ್ ಸುತ್ತಿಕೊಂಡು ಎದುರಿಗೇ ನಿಂತಿದ್ದಾರೆ! ಅವಳ ಪಿಎಚ್‌.ಡಿ. ಪ್ರಬಂಧದ ಕೊನೆಗೆ, ನೆರವಾದ ಪುಸ್ತಕಗಳನ್ನೆಲ್ಲ ಹೆಸರಿಸುವ ಗ್ರಂಥಋಣದಲ್ಲಿ, ಈ ಮನುಷ್ಯನ ಹೆಸರಿನ ಹಿಂದೆ ‘ದಿ.’ ಎಂದು ಅವಳೇ ಕೈಯಾರೆ ಟೈಪು ಮಾಡಿದ್ದಳು. ಕೆರೆಗಳ ಮೇಲಿನ ಆ ಪುಸ್ತಕ ಅಷ್ಟು ಹಳೆಯದು. ಬರೆದವರು ಇನ್ನೆಲ್ಲಿರುತ್ತಾರೆ ಅಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ.

ಲೈಬ್ರರಿ ಪ್ರತಿಯ ಮೊದಲ ಹಾಳೆಯೇ ಕಿತ್ತುಹೋಗಿತ್ತು. ಪ್ರಕಾಶಕರು, ಇಸವಿ ಇಲ್ಲದೆ ಸಹಿ ಹಾಕುವುದಿಲ್ಲವೆಂದು ಗೈಡ್ ಶಿವಪ್ರಕಾಶ್ ಪಟ್ಟು ಹಿಡಿದಿದ್ದರು. ಪ್ರಬಂಧ ಒಪ್ಪಿಸಲು ನಾಳೆಯೇ ಕಡೆಯ ದಿನ. ಕುಂಬಾರಕೊಪ್ಪಲಿನಿಂದ ಓಡಿಬಂದವಳು ತೊದಲುತ್ತಾ ಇಷ್ಟನ್ನು ಹೇಳಿದಳು.

“ನನ್ನ ಪುಸ್ತಕಾನಾ? ಪೂರ್ತಿ ಓದಿದ್ಯಾ?” ಮುದುಕರ ಮುಖ ಅರಳಿತು. “ಅಲಮೇಲು, ಕಾಫಿ ತಾರೇ! ನನ್ನ ಪುಸ್ತಕ ಓದಿರೋ ಹುಡುಗಿ ಬಂದಿದಾಳೆ!”

“ಅದನ್ನೂ ಓದೋರಿದಾರೇನ್ರೀ?” ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

“ಎಲ್ಲಿ, ಹೆಂಗೆ ಹಾಕಿದೀಯ ತೋರ್ಸು.” ಮುದುಕರು ಕೈ ಚಾಚಿದರು.

“ಬ್ಯಾಡಿ ಸಾರ್, ಹೇಳ್ಬುಡಿ, ನಾನೇ ಬರ್ಕೋತೀನಿ.” ಪ್ರಬಂಧದ ಫೈಲನ್ನು ಎದೆಗವಚಿಕೊಂಡಳು. ಅವರು ಬಿಡಬೇಕಲ್ಲ! ಕಸಿದುಕೊಂಡು ಸಾಲಿನ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

“ತಪ್ಪಾಯ್ತು ಸಾರ್...”

ಅವರು ಪೆನ್ನು ತೆಗೆದು ಊರು, ಪ್ರಕಾಶಕರು, ಇಸವಿ ಬರೆದರು. ಬಿಟ್ಟುಹೋಗಿದ್ದ ಅಲ್ಪವಿರಾಮವನ್ನೂ ಹಾಕಿದರು. ‘ದಿ.’ ಮಾತ್ರ ಹಾಗೇ ಇತ್ತು.

“ಸಾರ್, ಅದನ್ನೂ ಹೊಡೆದಾಕ್ಬುಡಿ.”

“ನಿನ್ನ ವೈವಾ ಯಾವಾಗಮ್ಮ?”

“ಆರು ತಿಂಗಳಾದ್ರೂ ಆಗ್ತದೆ.”

ಅವರು ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದರು. “ಹಾಗಾದ್ರೆ ಇರ್ಲಿ ಬಿಡು. ಡಾಕ್ಟ್ರು ನಂಗೆ ಅಷ್ಟು ದಿನ ಕೊಟ್ಟಿಲ್ಲ. ಅವಳಿಗಿನ್ನೂ ಹೇಳಿಲ್ಲ.”

ಧರಣಿ ಅವರ ಕೈಯಿಂದ ಪೆನ್ನು ಕಿತ್ತುಕೊಂಡು ಆ ‘ದಿ.’ ಮೇಲೆ ಗೀಚಿದಳು, ಮತ್ತೆ ಮತ್ತೆ ಗೀಚಿದಳು.

“ಏನಮ್ಮ ಅದು, ಹಾಳೆ ಹರಿದುಹೋಗೋ ಹಾಗೆ?” ಅಲಮೇಲು ಕಾಫಿ ಹಿಡಿದು ನಿಂತಿದ್ದರು.

“ತಪ್ಪಿತ್ತು ಅಮ್ಮ.” ಅವಳ ಕಣ್ಣು ತುಂಬಿಬಂದಿತ್ತು.

ಲಕ್ಷ್ಮೀನರಸಿಂಹ ಒಂದು ಗುಟುಕು ಕುಡಿದರು. “ಸಕ್ಕರೆ ಕಮ್ಮಿ ಕಣೇ,” ಎಂದು ಗೊಣಗಿದರು.