ಮೊದಲ ಆರು ತಿಂಗಳು ಬಾಯಿ ಬಿಡಬೇಕಾಗಿಲ್ಲ

ಎರಡನೇ ತರಗತಿಯ ಇಂಗ್ಲಿಷ್ ಮಿಸ್‌ಗೆ ಒಂದು ಸಿದ್ಧಾಂತವಿತ್ತು. ಸಿದ್ಧಾಂತ ಇಟ್ಟುಕೊಂಡವರಿಗೆ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಸಿಗುವುದಿಲ್ಲ. ಅವರಿಗೂ ಸಿಕ್ಕಿರಲಿಲ್ಲ.

ಸಿದ್ಧಾಂತ ಇಷ್ಟೇ: ಮೊದಲ ಆರು ತಿಂಗಳು ಮಕ್ಕಳು ಇಂಗ್ಲಿಷಿನಲ್ಲಿ ಬಾಯಿ ಬಿಡಬೇಕಾಗಿಲ್ಲ. ಕೇಳಿದರೆ ಸಾಕು, ಕೇಳಿದ್ದನ್ನು ಮಾಡಿದರೆ ಸಾಕು. ಮಿಸ್ ‘ಸ್ಟ್ಯಾಂಡ್ ಅಪ್’ ಎಂದರೆ ಮೂವತ್ತೆರಡು ಮಕ್ಕಳು ಏಳಬೇಕು, ‘ಜಂಪ್’ ಎಂದರೆ ಹಾರಬೇಕು, ಪೆನ್ಸಿಲನ್ನು ಕಿವಿಯ ಹಿಂದೆ ಇಡು ಎಂದರೆ ಇಡಬೇಕು. ಮಾತು ಬೇಕೆನಿಸಿದ ದಿನ ತಾನೇ ಬರುತ್ತದೆ.

“ನಮ್ಮಕ್ಕನ ಮಗು ಒಂದೂಕಾಲು ವರ್ಷ ಒಂದು ಮಾತೂ ಆಡ್ಲಿಲ್ಲ. ಬರೀ ಕೇಳಿಸ್ಕೊಳ್ತಿತ್ತು. ಅದನ್ನ ಯಾರಾದ್ರೂ ಫೇಲ್ ಮಾಡಿದ್ರಾ?” ಎಂದು ಅವರು ವಾದಿಸುತ್ತಿದ್ದರು.

“ನಿಮ್ಮಕ್ಕನ ಮಗುಗೆ ಪ್ರೋಗ್ರೆಸ್ ಕಾರ್ಡ್ ಇಲ್ಲ ಕಣ್ರೀ, ಅದರ ಪುಣ್ಯ,” ಎನ್ನುತ್ತಿದ್ದರು ಫ್ಯಾನಿನ ಕೆಳಗಿನಿಂದ ಲೆಕ್ಕದ ಮೇಷ್ಟ್ರು.

ಸಿದ್ಧಾಂತ ಹುಟ್ಟಿದ್ದು ಹಿಂದಿನ ವರ್ಷ, ಜಾರುಬಂಡೆಯ ಬುಡದಲ್ಲಿ. ಆಗ ಮಿಸ್ ಕೂಡ ಎಲ್ಲರಂತೆ ಬಾಯಿಪಾಠ ಮಾಡಿಸುತ್ತಿದ್ದರು. ಒಬ್ಬ ಹುಡುಗಿ ಮುಖ ಅಡಿಯಾಗಿ ಬಿದ್ದು, ಮುರಿದ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಅಳುತ್ತಾ ಬಂದಳು. ಗಾಬರಿಯಲ್ಲಿ ಮಿಸ್ ಬಾಯಿಂದ ‘ಹೌ ಆರ್ ಯೂ’ ಎಂದು ಇಂಗ್ಲಿಷೇ ಬಂತು. ಹುಡುಗಿ ತಕ್ಷಣ ಅಳು ನಿಲ್ಲಿಸಿ, ಕೈಕಟ್ಟಿ ನಿಂತು, ‘ಐ ಆಮ್ ಫೈನ್, ಥ್ಯಾಂಕ್ ಯೂ ಮಿಸ್, ಆಂಡ್ ಯೂ?’ ಎಂದು ಒಪ್ಪಿಸಿ, ಮತ್ತೆ ಅಳಲು ಶುರುಮಾಡಿದಳು. ಅಂದು ರಾತ್ರಿ ಮಿಸ್‌ಗೆ ಊಟ ಸೇರಲಿಲ್ಲ. ಮರುದಿನದಿಂದ ಬಾಯಿಪಾಠ ಬಂದ್.

ಈಗ ಐದನೇ ತಿಂಗಳು ನಡೆಯುತ್ತಿತ್ತು, ಅಷ್ಟರಲ್ಲಿ ಪರಿವೀಕ್ಷಕರು ಬರುತ್ತಾರೆಂಬ ಸುದ್ದಿ ಬಂತು. ಹೆಡ್ ಮಿಸ್ ಒಂದು ಹಾಳೆ ಹಿಡಿದು ಮಹಡಿಯ ತರಗತಿಗೆ ಏದುಸಿರು ಬಿಡುತ್ತಾ ಹತ್ತಿಬಂದರು.

“ನೋಡಮ್ಮಾ, ಫಾರಮ್ಮಿನಲ್ಲಿ ಒಂದೇ ಪ್ರಶ್ನೆ. ಎಷ್ಟು ಮಕ್ಕಳು ಇಂಗ್ಲಿಷ್ ಮಾತಾಡ್ತಾರೆ? ಹತ್ತಕ್ಕಿಂತ ಕಡಿಮೆ ಆದ್ರೆ ನಿನ್ನ ಪೀರಿಯಡ್ಡಿಗೆ ಗೋಡೆ ಮೇಲೊಂದು ಮಾತಾಡೋ ಪೆಟ್ಟಿಗೆ ತೂಗುಹಾಕ್ತಾರೆ. ಅದು ಹೇಳುತ್ತೆ, ಇವು ತಿರುಗಿ ಹೇಳ್ತವೆ. ನೀನು ಆಟದ ಸಾಮಾನಿನ ಕೋಣೆಗೆ, ಚೆಂಡಿಗೆ ಗಾಳಿ ಹೊಡೀತಾ ಕೂತ್ಕೋಬೇಕು.”

“ಇನ್ನೊಂದು ತಿಂಗಳು ಬಿಟ್ಟು ಬರೋಕೆ ಹೇಳಿ ಮೇಡಂ.”

“ಅವರೇನು ನಮ್ಮ ಅಳಿಯಂದಿರಾ, ಹೇಳಿದಾಗ ಬರೋಕೆ? ಹತ್ತು ಮಕ್ಕಳಿಗೆ ಹತ್ತು ವಾಕ್ಯ ಉರು ಹೊಡೆಸು. ನಿಂಗೆ ಕೈ ಮುಗೀತೀನಿ.”

ಮಿಸ್ ಎರಡು ದಿನ ಯೋಚಿಸಿದರು. ಚೆಂಡುಗಳನ್ನೂ ಒಮ್ಮೆ ಹೋಗಿ ನೋಡಿಬಂದರು. ಆದರೂ ಉರು ಹೊಡೆಸಲಿಲ್ಲ. ಧೈರ್ಯಕ್ಕಿಂತ ಹೆಚ್ಚಾಗಿ ಅದು ಹಟ, ಅಷ್ಟೇ.

ಪರಿವೀಕ್ಷಕರು ಬಂದರು. ಎತ್ತರದ ಆಳು, ಹೊಳೆಯುವ ಬೂಟು. ಕುಶಲ ಕೇಳುವುದು, ನೀರು ಬೇಡುವುದು, ಬೆನ್ನು ನೋವೆನ್ನುವುದು ಎಲ್ಲಾ ಮನೆಮಾತಿನಲ್ಲಿ. ಆಜ್ಞೆ ಕೊಡುವಾಗ ಮಾತ್ರ ಇಂಗ್ಲಿಷ್. ಅವರು ಮುಂದಿನ ಬೆಂಚಿನತ್ತ ಬಾಗಿ, ‘ವಾಟ್ ಈಸ್ ಯುವರ್ ನೇಮ್?’ ಎಂದರು. ಮೂವತ್ತೆರಡು ಜೊತೆ ಕಣ್ಣುಗಳು ಪ್ರೀತಿಯಿಂದ ಅವರನ್ನು ನೋಡಿದವು. ಯಾರೂ ತುಟಿ ಬಿಚ್ಚಲಿಲ್ಲ. ಎರಡನೇ ಬೆಂಚು, ಮೂರನೇ ಬೆಂಚು, ಅದೇ ಕಥೆ. ಹೆಡ್ ಮಿಸ್ ಗೋಡೆಯಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುವ ಜಾಗವನ್ನು ಕಣ್ಣಲ್ಲೇ ಹುಡುಕತೊಡಗಿದರು. ಸಾಹೇಬರು ಫಾರಮ್ಮಿನ ಮೇಲೆ ಸೊನ್ನೆ ಸುತ್ತಲು ಪೆನ್ನು ತೆಗೆದರು.

ಅಷ್ಟರಲ್ಲಿ ಕೆಳಗಿನಿಂದ ಸಾಹೇಬರ ಡ್ರೈವರ್ ಹಾರ್ನ್ ಹೊಡೆದ. ಇಕ್ಕಟ್ಟಾದ ಅಂಗಳದಲ್ಲಿ ಜೀಪು ತಿರುಗಿಸಲು ಹೋಗಿ ಕೈತೊಳೆಯುವ ನಲ್ಲಿಗಳ ನಡುವೆ ಸಿಕ್ಕಿಕೊಂಡಿದ್ದ. ಸಾಹೇಬರು ತರಗತಿಗೆ ಬೆನ್ನು ಮಾಡಿ ಕಿಟಕಿಯಿಂದ ತಲೆ ಹೊರಹಾಕಿದರು.

“ಗೋ ಬ್ಯಾಕ್!” ಎಂದು ಕೂಗಿದರು. “ಗೋ ಬ್ಯಾಕ್, ಗೋ ಬ್ಯಾಕ್... ಸ್ಲೋಲಿ! ಟರ್ನ್ ಲೆಫ್ಟ್! ಲೆಫ್ಟ್! ಸ್ಟಾಪ್!”

ಜೀಪು ಅಲ್ಲಾಡಲಿಲ್ಲ. ತರಗತಿ ಅಲ್ಲಾಡಿತು. ಮೂವತ್ತೆರಡು ಮಕ್ಕಳು ಬೆಂಚುಗಳಿಂದ ಇಳಿದು, ನಿಧಾನವಾಗಿ, ಬಲು ಶ್ರದ್ಧೆಯಿಂದ ಹಿಂದೆ ಹಿಂದೆ ನಡೆದು, ಎಡಕ್ಕೆ ತಿರುಗಿ, ಹೆಡ್ ಮಿಸ್ಸನ್ನು ಮೂಲೆಯ ಬೀರುವಿಗೆ ಒತ್ತಿ ನಿಂತರು. ಸಾಹೇಬರು ತಿರುಗಿ ನೋಡಿದಾಗ ಕಂಡದ್ದು ಖಾಲಿ ಬೆಂಚುಗಳು, ಒಂದು ಮೂಲೆಯಲ್ಲಿ ಮಕ್ಕಳ ರಾಶಿ, ಅದರ ಮೇಲೆ ತೇಲುತ್ತಿದ್ದ ಹೆಡ್ ಮಿಸ್ಸಿನ ಮುಖ.

“ಏನ್ರೀ ಇದು?”

“ನೀವೇ ಹೇಳಿದ್ರಲ್ಲಾ ಸಾರ್,” ಎಂದರು ಮಿಸ್.

ಸಾಹೇಬರು ಪೆನ್ನು ಜೇಬಿಗಿಟ್ಟು, ಅನುಮಾನದಿಂದ, ‘ಪುಟ್ ಯುವರ್ ಲೆಫ್ಟ್ ಶೂ ಆನ್ ದ ಟೇಬಲ್’ ಎಂದರು. ಇದನ್ನು ಮಿಸ್ ಎಂದೂ ಹೇಳಿರಲಿಲ್ಲ. ಯಾವ ಮಿಸ್ ಹೇಳಿಯಾಳು? ನಿಮಿಷದೊಳಗೆ ಮೇಜಿನ ಮೇಲೆ ಮೂವತ್ತೆರಡು ಎಡಗಾಲಿನ ಬೂಟು ಗುಡ್ಡೆಯಾದವು. ಸಾಹೇಬರಿಗೆ ಹೊಟ್ಟೆಯೊಳಗೇ ನಗು ಬಂತು, ತಡೆದುಕೊಂಡರು.

“ಅರ್ಥ ಆಗುತ್ತೆ ಅನ್ನೋದು ನಿಜ. ಆದ್ರೆ ಅರ್ಥ ಆಗೋದಕ್ಕೆ ಫಾರಮ್ಮಿನಲ್ಲಿ ಜಾಗ ಇಲ್ಲಮ್ಮಾ. ಮಾತಾಡ್ಬೇಕು.”

ಗುಂಡುಪಿನ್ನು ಎಂದು ಎಲ್ಲರೂ ಕರೆಯುವ ಒಬ್ಬ ಹುಡುಗಿಯಿದ್ದಳು. ಗಾತ್ರ ಅಷ್ಟೇ, ಚುಚ್ಚುವುದು ಜಾಸ್ತಿ. ಒಂಟಿ ಬೂಟಿನಲ್ಲಿ ಕುಂಟುತ್ತಾ ಜಾಗಕ್ಕೆ ಬಂದವಳಿಗೆ, ನೆಲಕ್ಕೆ ಬಿದ್ದಿದ್ದ ತನ್ನ ಆನೆಯ ಚಿತ್ರದ ಮೇಲೆ ಸಾಹೇಬರು ನಿಂತಿರುವುದು ಕಂಡಿತು. ಈ ಮನುಷ್ಯ ಮಕ್ಕಳ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿರಲಿಲ್ಲ; ಪಾಪ, ಮಕ್ಕಳ ಹತ್ತಿರ ಬೇರೆ ಮಾತು ಬರುವುದಿಲ್ಲವೇನೋ. ಅವಳು ಸೊಂಟಕ್ಕೆ ಕೈಯಿಟ್ಟಳು.

“ಗೋ ಬ್ಯಾಕ್!”

ಸಾಹೇಬರು ಒಂದು ಹೆಜ್ಜೆ ಹಿಂದೆ ಹೋದರು.

“ಗೋ ಬ್ಯಾಕ್! ಗೋ ಬ್ಯಾಕ್! ಸ್ಟಾಪ್.”

ಆನೆ ಬಿಡುಗಡೆಯಾಯಿತು. ತರಗತಿ ಮಾತ್ರ ಉಸಿರು ಬಿಗಿಹಿಡಿದಿತ್ತು. ದೊಡ್ಡವರು ಕೂಡ ಕೆಲಸ ಮಾಡುತ್ತಾರೆ! ಗುಂಡಿ ಒತ್ತಿದರೆ ಉರಿಯುವ ದೀಪದ ಹಾಗೆ!

“ಟಚ್ ಯುವರ್ ನೋಸ್!” ಎಂದಿತು ಇನ್ನೊಂದು ದನಿ. ಇದು ತಿಳಿದು ಹೇಳಿದ್ದೋ, ಗಿಣಿಪಾಠವೋ ನೋಡೋಣವೆಂದು ಸಾಹೇಬರು ಬೇಕೆಂದೇ ಕಿವಿ ಮುಟ್ಟಿಕೊಂಡರು. “ನೋ! ನೋಸ್! ನೋಸ್!” ಎಂದು ಇಡೀ ತರಗತಿ ತಲೆ ಚಚ್ಚಿಕೊಂಡಿತು.

“ಗುಂಪಿನಲ್ಲಿ ಕೂಗಿದ್ದು ಲೆಕ್ಕಕ್ಕಿಲ್ಲ,” ಎಂದು ಸಾಹೇಬರು ಮೂಗು ಮುಟ್ಟಿಕೊಂಡೇ ಘೋಷಿಸಿದರು. “ಒಬ್ಬೊಬ್ಬರಾಗಿ. ಈಗ ಎರಡಾಯ್ತು.”

ಆಮೇಲೆ ಹಿಡಿಯುವವರಿರಲಿಲ್ಲ. ಒಬ್ಬ ಕಣ್ಣು ಮುಚ್ಚಿಸಿದ, ಒಬ್ಬಳು ತಿರುಗಿಸಿದಳು, ಇನ್ನೊಬ್ಬ ಬೀರುವಿನ ಹತ್ತಿರ ಕಳಿಸಿ ಅದನ್ನು ತಟ್ಟಿಸಿದ. ಮೂರು, ನಾಲ್ಕು, ಐದು ಎಂದು ಸಾಹೇಬರೇ ಎಣಿಸುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಎಂಟನೆಯವಳು ಕೈ ಮೇಲೆತ್ತಿಸಿದಳು. ಒಂಬತ್ತನೆಯವನು ‘ಜಂಪ್!’ ಎಂದ. ಸಾಹೇಬರು ಹಾರಿದರು. ಹಲಗೆಯ ನೆಲ ಧಡಾರೆಂದಿತು. ಮಕ್ಕಳು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ‘ಜಂಪ್!’ ಎಂದ ಒಂಬತ್ತನೆಯವನೇ ಮತ್ತೆ. ‘ಜಂಪ್! ಜಂಪ್!’

“ಒಂಬತ್ತು... ಒಂಬತ್ತೇ...” ಸಾಹೇಬರು ಹಾರುತ್ತಲೇ ಏದುಸಿರು ಬಿಟ್ಟರು. “ಇನ್ನೊಬ್ಬರು ಯಾರಾದ್ರೂ... ಏನ್ರೀ ಮಿಸ್, ನಿಲ್ಲಿಸೋಕೆ ಹೇಳಿಕೊಡ್ರೀ ಯಾರಿಗಾದ್ರೂ!”

“ಹೇಳಿಕೊಡಮ್ಮಾ!” ಬೀರುವಿನ ಮೂಲೆಯಿಂದ ಹೆಡ್ ಮಿಸ್ ಕಿರುಚಿದರು. “ಒಂದೇ ಒಂದು! ಯಾವನ ಕಿವಿಯಲ್ಲಾದ್ರೂ ಉಸುರು!”

ಮಿಸ್ ಲೆಕ್ಕ ಹಾಕಿದರು. ಒಂದು ಪದ ಪಿಸುಗುಟ್ಟಿದರೆ ಹತ್ತು, ಇಲ್ಲದಿದ್ದರೆ ಚೆಂಡುಗಳು. ಆದರೆ ಹೇಳಿಕೊಟ್ಟದ್ದು ಮಗುವಿನ ಮಾತಾಗುವುದಿಲ್ಲ, ಅದು ಪೆಟ್ಟಿಗೆಯ ಕೆಲಸ.

“ಬೇಕಾದಾಗ ಅವರೇ ಹೇಳ್ತಾರೆ ಸಾರ್,” ಎಂದರು.

“ಯಾವಾಗ ಬೇಕಾಗುತ್ತೆ?”

“ಅದೇ ಗೊತ್ತಿಲ್ಲ ಸಾರ್. ಈಗ ನೀವು ನಿಲ್ಲೋದು ಯಾರಿಗೂ ಬೇಕಾದ ಹಾಗೆ ಕಾಣ್ತಿಲ್ಲ.”

ಅದಂತೂ ಸತ್ಯ. ಕೆಳಗಿನ ತರಗತಿಯಿಂದ ಲೆಕ್ಕದ ಮೇಷ್ಟ್ರು ತಲೆಯ ಮೇಲೆ ಧೂಳು ಹೊತ್ತು ಮೇಲೆ ಬಂದಿದ್ದರು. ಬಾಗಿಲಲ್ಲೇ ನಿಂತು, ಬೈಯಲು ತೆರೆದ ಬಾಯನ್ನು ಮುಚ್ಚುವುದನ್ನೇ ಮರೆತಿದ್ದರು.

ಕಿಟಕಿಯ ಪಕ್ಕದಲ್ಲಿ ದಪ್ಪ ಜಡೆಯ ಒಬ್ಬಳು ಈ ಗದ್ದಲದಲ್ಲಿ ಭಾಗವಹಿಸಿರಲಿಲ್ಲ. ಬೂಟು ಇಟ್ಟು ಬಂದ ಕ್ಷಣದಿಂದ ಅವಳು ಬೆಂಚಿನ ಮೇಲೆ ರಬ್ಬರುಗಳ ಗೋಪುರ ಕಟ್ಟುತ್ತಿದ್ದಳು. ಪ್ರತಿ ಜಂಪಿಗೂ ಅದು ಬಿದ್ದುಹೋಗುತ್ತಿತ್ತು. ನಾಲ್ಕನೇ ಸಲ ಬಿದ್ದಾಗ ಅವಳು ಎದ್ದುನಿಂತಳು. ಮುಖ ಕೆಂಪಾಗಿತ್ತು.

“ಸ್ಟಾಪ್!” ಎಂದಳು. “ನೋ ಜಂಪ್! ಸಿಟ್ ಡೌನ್!”

ಸಾಹೇಬರು ಕುಸಿದರು. ಸಿಕ್ಕಿದ್ದು ಎರಡನೇ ತರಗತಿಯ ಬೆಂಚು. ಮೊಣಕಾಲು ಗಲ್ಲಕ್ಕೆ ತಾಗಿತು. ಫಾರಮ್ಮು ಹುಡುಕಿ, ಗುಂಡುಗುಂಡಾಗಿ ‘ಹತ್ತು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಸಹಿ ಹಾಕಿದರು. ಹೆಡ್ ಮಿಸ್ ಅದನ್ನು ಕಸಿದುಕೊಂಡು ಎದೆಗೊತ್ತಿಕೊಂಡರು. ಮಿಸ್‌ಗೆ ನಗು ಶುರುವಾಗಿ ನಿಲ್ಲಲೇ ಇಲ್ಲ. ಬೂಟುಗಳ ಗುಡ್ಡೆಯ ಪಕ್ಕದಲ್ಲಿ ಮೇಜಿಗೊರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಬನ್ನಿ ಸಾರ್, ಕೆಳಗೆ ಟೀ ತಯಾರಿದೆ,” ಎಂದರು ಹೆಡ್ ಮಿಸ್.

ಸಾಹೇಬರು ಅಲ್ಲಾಡಲಿಲ್ಲ. ಬೆಂಚಿನ ಮೇಲೆ ಮುದುರಿ ಕೂತು, ರಬ್ಬರು ಜೋಡಿಸುತ್ತಿದ್ದ ಜಡೆಯವಳ ಮುಖವನ್ನೇ ನೋಡುತ್ತಿದ್ದರು. ಏಳಲು ಅವಳಿನ್ನೂ ಹೇಳಿರಲಿಲ್ಲ.